ಬಫರ್ ಲೆಕ್ಕ: ನಿಮ್ಮ ಪಿಕೆಎ ಯಾವ ಬೀಕರಿನದು?

ಎಂಎಸ್ಸಿ ಮೊದಲ ಸೆಮಿಸ್ಟರಿನವರಿಗೆ ನಾನು ಹಚ್ಚುವ ಮೊದಲ ಕೆಲಸ: 0.1 ಮೋಲಾರ್ ಸೋಡಿಯಂ ಫಾಸ್ಫೇಟ್ ಬಫರ್, ಪಿಎಚ್ 7.0, ಅರ್ಧ ಲೀಟರ್. ಬಫರ್ ಎಂದರೆ ಒಂದಿಷ್ಟು ಆಮ್ಲವೋ ಕ್ಷಾರವೋ ಬಿದ್ದರೂ ಪಿಎಚ್ ಹೆಚ್ಚು ಕದಲದ ದ್ರಾವಣ. ಆದರೆ ಬಾಟ್ಲಿ ಮುಟ್ಟುವ ಹಾಗಿಲ್ಲ. ಮೊದಲು ಹಾಳೆಯ ಮೇಲೆ ಲೆಕ್ಕ, ಆಮೇಲೆ ಗೋಡೆಗೆ ಅಂಟಿಸಿದ ಕೋಷ್ಟಕದ ಜೊತೆ ತಾಳೆ ನೋಡುವುದು.

ಎಲ್ಲರಿಗೂ ಸೂತ್ರ ಬಾಯಿಪಾಠ. ಪಿಎಚ್ = ಪಿಕೆಎ + ಲಾಗ್ (ಪ್ರತ್ಯಾಮ್ಲ ರೂಪ ÷ ಆಮ್ಲ ರೂಪ). ಎರಡೂ ರೂಪ ಸಮಸಮ ಇರುವಾಗಿನ ಪಿಎಚ್ಚೇ ಪಿಕೆಎ. ಹೆಂಡರ್ಸನ್ 1908ರಲ್ಲಿ ಇದರ ಮೂಲ ಸಮೀಕರಣ ಬರೆದ, ಹ್ಯಾಸೆಲ್‌ಬಾಲ್ಕ್ ಆಮೇಲೆ ಅದಕ್ಕೆ ಲಾಗ್ ತೊಡಿಸಿದ. ಫಾಸ್ಫೇಟಿನ ಎರಡನೇ ಪಿಕೆಎ 7.2 ಎಂದು ಪುಸ್ತಕದಲ್ಲಿದೆ. ಅಂದರೆ ಲಾಗ್ ಬೆಲೆ ಮೈನಸ್ 0.2, ಅನುಪಾತ 0.63. ನೂರಕ್ಕೆ 39 ಪಾಲು ಡೈಸೋಡಿಯಂ (ಪ್ರತ್ಯಾಮ್ಲ ರೂಪ), 61 ಪಾಲು ಮೊನೊಸೋಡಿಯಂ (ಆಮ್ಲ ರೂಪ). ಲೆಕ್ಕ ಸರಿಯಾಗಿದೆ, ಕ್ಯಾಲ್ಕ್ಯುಲೇಟರ್ ಸುಳ್ಳು ಹೇಳಿಲ್ಲ.

ಈಗ ಕೋಷ್ಟಕ ನೋಡಿ. ಪಿಎಚ್ 7.0ರ ಸಾಲಿನಲ್ಲಿ 39 ಮಿ.ಲೀ. ಮೊನೊಸೋಡಿಯಂ, 61 ಮಿ.ಲೀ. ಡೈಸೋಡಿಯಂ ಎಂದಿದೆ. ಅವೇ ಎರಡು ಅಂಕಿ, ಅದಲುಬದಲು!

“ಮ್ಯಾಡಂ, ಟೇಬಲ್ ಉಲ್ಟಾ ಪ್ರಿಂಟ್ ಆಗೇತ್ರಿ” ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ. ಆಗೋದು ಸಹಜ ಅನುಮಾನವೇ. ನಾನು ಉತ್ತರ ಹೇಳುವುದಿಲ್ಲ. “ಎರಡೂ ಮಾಡಿ ಮೀಟರಿಗೆ ಹಿಡೀರಿ” ಅಂತೀನಿ. ಕೋಷ್ಟಕದ ಪ್ರಕಾರ ಮಾಡಿದ್ದು 7.0ರ ಆಸುಪಾಸಿಗೆ ಬರುತ್ತದೆ. ಪುಸ್ತಕದ ಪಿಕೆಎ ಹಿಡಿದು ಮಾಡಿದ್ದು 6.6ರ ಹತ್ತಿರ ನಿಲ್ಲುತ್ತದೆ.

ತಪ್ಪು ಸೂತ್ರದಲ್ಲಿಲ್ಲ, 7.2ರಲ್ಲಿದೆ. ಆ ಅಂಕಿ 25 ಡಿಗ್ರಿಯಲ್ಲಿ, ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಾದ ದ್ರಾವಣದ್ದು. ನಿಮ್ಮ ಬೀಕರಿನಲ್ಲಿ 0.1 ಮೋಲಾರ್ ಫಾಸ್ಫೇಟ್ ಇದೆ, ಅದರ ಬೆನ್ನಿಗೆ ಬಂದ ಸೋಡಿಯಂ ಅಯಾನುಗಳಿವೆ. ಎರಡು ಋಣ ಚಾರ್ಜ್ ಹೊತ್ತ ಫಾಸ್ಫೇಟ್ ಅಯಾನಿನ ಸುತ್ತ ಸೋಡಿಯಂ ನೆರೆದಷ್ಟೂ ಆ ರೂಪ ಸ್ಥಿರವಾಗುತ್ತದೆ. ಆದ್ದರಿಂದ ಆಮ್ಲ ರೂಪ ತನ್ನ ಪ್ರೋಟಾನ್ ಬಿಡುವುದು ಸುಲಭವಾಗುತ್ತದೆ, ಪಿಕೆಎ ಕೆಳಗಿಳಿಯುತ್ತದೆ. 0.1 ಮೋಲಾರಿನಲ್ಲಿ ಅದು ಹೆಚ್ಚುಕಡಿಮೆ 6.8.

ನಂಬಿಕೆ ಬಾರದಿದ್ದರೆ ಇನ್ನೊಂದು ಸಾಕ್ಷಿ ಇದೆ. ಪಿಎಚ್ ಮೀಟರ್ ಹೊಂದಿಸಲು ಬಳಸುವ ಅಂತಾರಾಷ್ಟ್ರೀಯ ಮಾನಕಗಳಲ್ಲಿ ಒಂದರಲ್ಲಿ ಎರಡೂ ಫಾಸ್ಫೇಟ್ ಲವಣಗಳು ಸಮಸಮ, ತಲಾ 0.025 ಮೋಲಾಲ್ (ಒಂದು ಕಿಲೋ ನೀರಿಗೆ 0.025 ಮೋಲ್). ಸಮ ಇದ್ದರೆ ಲಾಗ್ ಸೊನ್ನೆ, ಪಿಎಚ್ 7.2 ಇರಬೇಕಿತ್ತು. ಆದರೆ 25 ಡಿಗ್ರಿಯಲ್ಲಿ ಅದರ ಪಿಎಚ್ 6.86. ಜಗತ್ತಿನ ಮೀಟರುಗಳೆಲ್ಲ ಈ ಅಂಕಿಯನ್ನು ಒಪ್ಪಿಕೊಂಡು ಕೂತಿವೆ, ನಮ್ಮ ಬಾಯಿಪಾಠವಷ್ಟೇ ಒಪ್ಪಿಲ್ಲ.

ಪಿಕೆಎ ಎಷ್ಟು ಜರುಗುತ್ತದೆ ಎಂದು ಮೊದಲೇ ಅಂದಾಜು ಮಾಡಬಹುದು. ಮೊದಲು ಅಯಾನಿಕ್ ಬಲ ಬೇಕು. ಅದನ್ನು ‘ಐ’ ಅನ್ನೋಣ. ಪ್ರತಿ ಅಯಾನಿನ ಸಾಂದ್ರತೆಯನ್ನು ಅದರ ಚಾರ್ಜಿನ ವರ್ಗದಿಂದ ಗುಣಿಸಿ, ಎಲ್ಲ ಕೂಡಿಸಿ, ಅರ್ಧ ಮಾಡಬೇಕು. ಮೊನೊಸೋಡಿಯಂ ಫಾಸ್ಫೇಟಿಗೆ ಇದು ಸಾಂದ್ರತೆಯ ಒಂದು ಪಟ್ಟು, ಡೈಸೋಡಿಯಂಗೆ ಮೂರು ಪಟ್ಟು. ಆಮೇಲೆ:

ಜರುಗುವ ಪ್ರಮಾಣ = ಗುಣಕ × [0.5 × √ಐ ÷ (1 + √ಐ) − 0.1 × ಐ]

ಗುಣಕ ಎಂದರೆ ಆಮ್ಲ ರೂಪದ ಚಾರ್ಜನ್ನು ಎರಡರಿಂದ ಗುಣಿಸಿ ಒಂದು ಕಳೆದದ್ದು. ಫಾಸ್ಫೇಟಿನ ಆಮ್ಲ ರೂಪಕ್ಕೆ ಮೈನಸ್ ಒಂದು ಚಾರ್ಜ್, ಹಾಗಾಗಿ ಗುಣಕ ಮೈನಸ್ 3. ಅಸಿಟಿಕ್ ಆಮ್ಲಕ್ಕೆ ಚಾರ್ಜ್ ಇಲ್ಲ, ಮೈನಸ್ 1. ಟ್ರಿಸ್ ಎಂಬ ಇನ್ನೊಂದು ಬಫರ್ ವಸ್ತುವಿನ ಆಮ್ಲ ರೂಪಕ್ಕೆ ಪ್ಲಸ್ ಒಂದು ಚಾರ್ಜ್, ಗುಣಕ ಪ್ಲಸ್ 1. ಮೈನಸ್ 3, ಮೈನಸ್ 1, ಪ್ಲಸ್ 1. ಈ ಮೂರನ್ನು ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಬರೆದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ, ಲ್ಯಾಬಿನಲ್ಲಿ ದಿನಾ ಕೇಳುತ್ತದೆ.

ನಮ್ಮ ಫಾಸ್ಫೇಟಿಗೆ ಹಾಕಿ ನೋಡೋಣ. ಮೊದಲ ಸುತ್ತಿಗೆ ಪುಸ್ತಕದ ಅನುಪಾತವನ್ನೇ ಹಿಡಿಯಿರಿ: 0.061 ಮೋಲಾರ್ ಮೊನೊ, 0.039 ಡೈ. ಐ = 0.061 + (3 × 0.039) = 0.178. ವರ್ಗಮೂಲ 0.42. ಆವರಣದೊಳಗಿನದು 0.13, ಮೂರರಿಂದ ಗುಣಿಸಿದರೆ 0.39. ಪಿಕೆಎ 7.2ರಿಂದ 6.81ಕ್ಕೆ ಇಳಿಯಿತು. ಈಗ ಹೊಸ ಪಿಕೆಎ ಇಟ್ಟು ಅನುಪಾತ ತೆಗೆದರೆ ಡೈಸೋಡಿಯಂ ನೂರಕ್ಕೆ 61. ಕೋಷ್ಟಕದ ಅಂಕಿ ಹಾಳೆಯ ಮೇಲೇ ಬಂತು. ಬೇಕಿದ್ದರೆ ಇನ್ನೊಂದು ಸುತ್ತು ಹಾಕಿ, 62 ಬರುತ್ತದೆ. ಅದಕ್ಕಿಂತ ಹೆಚ್ಚು ಹಿಂಜುವುದರಲ್ಲಿ ಅರ್ಥವಿಲ್ಲ, ಉಳಿದದ್ದನ್ನು ಮೀಟರ್ ನೋಡಿಕೊಳ್ಳುತ್ತದೆ.

ಇದರಿಂದಲೇ ಇನ್ನೊಂದು ಗಂಟೂ ಬಿಚ್ಚುತ್ತದೆ. ಹತ್ತು ಪಟ್ಟು ಗಟ್ಟಿಯ ಪಿಬಿಎಸ್ (ಉಪ್ಪು ಬೆರೆಸಿದ ಫಾಸ್ಫೇಟ್ ಬಫರ್) ಮಾಡಿದಾಗ ಪಿಎಚ್ 6.8ರ ಸುಮಾರು ತೋರಿಸುತ್ತದೆ. ಗಾಬರಿಯಾಗಿ ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಸುರಿದು 7.4ಕ್ಕೆ ತರುವವರಿದ್ದಾರೆ. ತರಬೇಡಿ. ನೀರು ಕೂಡಿಸಿ ಹತ್ತು ಪಟ್ಟು ತೆಳು ಮಾಡಿದಾಗ ಉಪ್ಪು ಕಡಿಮೆಯಾಗಿ ಪಿಕೆಎ ಮೇಲೇರುತ್ತದೆ, ಪಿಎಚ್ ತಾನಾಗಿ 7.4ರ ಕಡೆ ಬರುತ್ತದೆ. ಪಿಎಚ್ ನೋಡಬೇಕಾದ್ದು ನೀವು ಬಳಸುವ ತೆಳುವಿನಲ್ಲಿ, ಕಪಾಟಿನಲ್ಲಿಡುವ ಗಟ್ಟಿಯಲ್ಲಲ್ಲ.

ಇನ್ನು ತೂಕ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಬಫರ್ ಕೆಡುವುದು ಬಹುತೇಕ ತಕ್ಕಡಿಯ ಮುಂದೆ.

ಅಮೆರಿಕದ ಕೈಪಿಡಿಗಳು ಮೊನೊಸೋಡಿಯಂ ಫಾಸ್ಫೇಟ್ ಎಂದಾಗ ಸಾಮಾನ್ಯವಾಗಿ ಒಂದು ನೀರಿನ ಅಣು ಇರುವ ಹರಳನ್ನು ಹೇಳುತ್ತವೆ, ಅಣುತೂಕ 137.99. ಡೈಸೋಡಿಯಂ ಎಂದರೆ ಏಳು ನೀರಿನದು, 268.07. ನಮ್ಮ ಕಪಾಟಿನಲ್ಲಿ ಇರುವುದು ಎರಡು ನೀರಿನ ಮೊನೊ, 156.01. ಡೈಸೋಡಿಯಂ ಮಾತ್ರ ಯಾವ ಸಲ ಯಾವುದು ಬರುತ್ತದೋ ಹೇಳಲಾಗದು: ನೀರಿಲ್ಲದ್ದು 141.96, ಎರಡು ನೀರಿನದು 177.99, ಹನ್ನೆರಡು ನೀರಿನದು 358.14. ಕೈಪಿಡಿಯ ಗ್ರಾಂ ಅಂಕಿ ನಕಲು ಮಾಡಿ ನಮ್ಮ ಬಾಟ್ಲಿಯಿಂದ ತೂಗಿದರೆ ಮುಗಿಯಿತು. ಹಾಗಾಗಿ ಗ್ರಾಂ ನಕಲು ಬೇಡ, ಮೋಲಾರಿಟಿ ಮಾತ್ರ ತಗೊಳ್ಳಿ. ಗ್ರಾಂ ಅನ್ನು ಕೈಯಲ್ಲಿರುವ ಬಾಟ್ಲಿಯ ಚೀಟಿ ಓದಿ ನೀವೇ ತೆಗೆಯಿರಿ: ಮೋಲಾರಿಟಿ × ಲೀಟರ್ × ಅಣುತೂಕ.

0.2 ಮೋಲಾರ್ ಸ್ಟಾಕ್ (ಆಮೇಲೆ ತೆಳು ಮಾಡಿ ಬಳಸುವ ಗಟ್ಟಿ ದ್ರಾವಣ), ಅರ್ಧ ಲೀಟರ್ ಎಂದುಕೊಳ್ಳಿ. ಎರಡು ನೀರಿನ ಮೊನೊ 15.60 ಗ್ರಾಂ. ಡೈಸೋಡಿಯಂ ನೀರಿಲ್ಲದ್ದಾದರೆ 14.20, ಎರಡು ನೀರಿನದಾದರೆ 17.80, ಹನ್ನೆರಡರದ್ದಾದರೆ 35.81 ಗ್ರಾಂ. ಒಂದೇ ಹೆಸರಿನ ಉಪ್ಪಿಗೆ ಎರಡೂವರೆ ಪಟ್ಟು ವ್ಯತ್ಯಾಸ, ನೋಡಿದಿರಾ?

ಹನ್ನೆರಡು ನೀರಿನದನ್ನು ಸಾಧ್ಯವಾದರೆ ತರಿಸಲೇಬೇಡಿ. ಮಾರ್ಚ್-ಏಪ್ರಿಲ್‌ನ ನಮ್ಮ ಒಣ ಹವೆಗೆ ಮುಚ್ಚಳ ಸಡಿಲವಿದ್ದರೆ ಅದು ತನ್ನ ನೀರನ್ನು ಬಿಡುತ್ತಾ ಹೋಗುತ್ತದೆ, ಹೊಳೆಯುವ ಹರಳು ಬಿಳಿ ಪುಡಿಯಾಗುತ್ತದೆ. ಆಮೇಲೆ ಅದರಲ್ಲಿ ಎಷ್ಟು ನೀರು ಉಳಿದಿದೆಯೋ ದೇವರಿಗೇ ಗೊತ್ತು. ಜೂನ್ ಬಂತೆಂದರೆ ತಕರಾರು ತಿರುವುಮುರುವು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡಿನ ಗುಳಿಗೆ ತಕ್ಕಡಿಯ ಮೇಲೆಯೇ ಬೆವರುತ್ತದೆ, ನೋಡನೋಡುತ್ತ ತೂಕ ಏರುತ್ತದೆ. ಆ ಕಾಲದಲ್ಲಿ ಅದನ್ನು ಅಂದಾಜಿಗೆ ತೂಗಿ ಕರಗಿಸಿ; ಪಿಎಚ್ ಹೊಂದಿಸಲು ಮಾತ್ರ ಬಳಸುವುದಾದರೆ ಅಷ್ಟೇ ಸಾಕು. ಟೈಟ್ರೇಷನ್‌ಗೆ ಬೇಕಿದ್ದರೆ ಮಾನಕ ಆಮ್ಲದ ಎದುರು ಅದರ ನಿಜ ಬಲ ಕಂಡುಕೊಳ್ಳಿ.

ಎರಡೂ ಸ್ಟಾಕ್ ತಯಾರಾದ ಮೇಲೆ ಉಳಿದದ್ದು ಸಲೀಸು. 97.5 ಮಿ.ಲೀ. ಮೊನೊ, 152.5 ಮಿ.ಲೀ. ಡೈ, ಕೂಡಿಸಿದರೆ 250. ಅದಕ್ಕೆ ನೀರು ಹಾಕಿ ಸುಮಾರು 480ಕ್ಕೆ ತನ್ನಿ, ಮೀಟರಿನಲ್ಲಿ ನೋಡಿ. ಏರಬೇಕಿದ್ದರೆ ಡೈ ಸ್ಟಾಕಿನ ಹನಿ, ಇಳಿಯಬೇಕಿದ್ದರೆ ಮೊನೊ ಸ್ಟಾಕಿನ ಹನಿ. ಆಮೇಲೆ ಗೆರೆ ಮುಟ್ಟಿಸಿ 500. ಪಿಎಚ್ ಹೊಂದಿಸುವ ಮೊದಲೇ ಗೆರೆ ಮುಟ್ಟಿಸಬೇಡಿ, ಆಮೇಲೆ ಹನಿ ಹಾಕಲು ಜಾಗ ಇರುವುದಿಲ್ಲ. ರೊಟ್ಟಿ ಹಿಟ್ಟಿಗೆ ನೀರು ಹೆಚ್ಚಾದರೆ ಹಿಟ್ಟು, ಹಿಟ್ಟು ಹೆಚ್ಚಾದರೆ ನೀರು ಅಂತ ಹಾಕುತ್ತಾ ಹೋದ ಹಾಗೆ, ಆಮ್ಲ ಹೆಚ್ಚಾಯಿತೆಂದು ಕ್ಷಾರ, ಕ್ಷಾರ ಹೆಚ್ಚಾಯಿತೆಂದು ಆಮ್ಲ ಹಾಕುವವರಿಗೆ ಒಂದು ಮಾತು: ಪ್ರತಿ ಸಲವೂ ಉಪ್ಪು ಕೂಡುತ್ತಿದೆ. ಪಿಎಚ್ ಸರಿಹೋದರೂ ಅಯಾನಿಕ್ ಬಲ ಕೈಬಿಟ್ಟಿರುತ್ತದೆ. ಹಾಗಾದರೆ ಚೆಲ್ಲಿ, ಹೊಸದು ಮಾಡಿ.

ನೀರಿನ ವಿಷಯ. ನಮ್ಮ ಕಡೆ ನಲ್ಲಿಯಲ್ಲಿ ಮಲಪ್ರಭೆಯ ನೀರು ದಿನಾ ಬರುವುದಿಲ್ಲ. ನಡುವೆ ಬೋರ್ ನೀರು. ಡಿಸ್ಟಿಲೇಷನ್ ಸೆಟ್ಟಿನ ಹೀಟರಿಗೆ ಬೋರ್ ನೀರಿನ ಸುಣ್ಣ ಪದರ ಕಟ್ಟುತ್ತದೆ, ಅದನ್ನು ತೆಗೆಯದಿದ್ದರೆ ನೀರೂ ನಿಧಾನ, ಕಾಯಿಲೂ ಸುಡುತ್ತದೆ. ಆದ್ದರಿಂದ ನಲ್ಲಿ ನೀರು ಬಂದ ದಿನ ನಮ್ಮ ಅಟೆಂಡರ್ ಕಾಕಾ ಬೆಳಿಗ್ಗೆಯೇ ಸೆಟ್ಟು ಹಚ್ಚಿ ಕ್ಯಾನು ತುಂಬಿಸಿಬಿಡುತ್ತಾರೆ. ಡಿಸ್ಟಿಲ್ಡ್ ನೀರು ಖಾಲಿ ಎಂದು ಫಿಲ್ಟರ್ ನೀರಿನಲ್ಲಿ ಫಾಸ್ಫೇಟ್ ಕರಗಿಸಿದರೆ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬೆಳ್ಳಗೆ ಕದಡುತ್ತದೆ. ಗದಗ ಜಿಲ್ಲೆಯ ಮುಂಡರಗಿ ಕಡೆಯಿಂದ ಬಂದ ಹುಡುಗಿಯೊಬ್ಬಳು ಕೇಳಿದ್ದಳು: “ನಮ್ಮೂರ ಬೋರ್ ನೀರಾಗ ಫ್ಲೋರೈಡ್ ಭಾಳ ಐತಿ, ಅದರಿಂದ ಎನ್‌ಜೈಮಿಗೆ ಏನರ ಆಗ್ತದೇನ್ರಿ?” ಒಳ್ಳೆಯ ಪ್ರಶ್ನೆ. ಫ್ಲೋರೈಡ್ ಆಸಿಡ್ ಫಾಸ್ಫಟೇಸ್ ಎಂಬ ಎನ್‌ಜೈಮನ್ನೂ, ಸಕ್ಕರೆ ಒಡೆಯುವ ಹಾದಿಯ ಇನೊಲೇಸನ್ನೂ ತಡೆಯುತ್ತದೆ. ರಕ್ತದ ಗ್ಲುಕೋಸ್ ಅಳೆಯುವ ಟ್ಯೂಬಿಗೆ ಸೋಡಿಯಂ ಫ್ಲೋರೈಡ್ ಹಾಕುವುದೂ ಜೀವಕೋಶಗಳು ಸಕ್ಕರೆ ತಿನ್ನದಿರಲಿ ಎಂದೇ. ಬೋರ್ ನೀರಿನಲ್ಲಿ ಬಫರ್ ಮಾಡಿದರೆ ಇಂಥದ್ದೆಲ್ಲ ಕೇಳದೆ ಒಳಗೆ ಬರುತ್ತದೆ. ಅಂದಹಾಗೆ, ಕ್ಯಾನಿನ ಡಿಸ್ಟಿಲ್ಡ್ ನೀರಿನ ಪಿಎಚ್ 5.6ರ ಸುಮಾರು ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿದೆ ಅಷ್ಟೇ, ಬಫರಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಫಾಸ್ಫೇಟಿನ ಪಿಕೆಎ ಉಪ್ಪಿಗೆ ಬಗ್ಗಿದರೆ ಟ್ರಿಸ್ ಬಗ್ಗುವುದು ಬಿಸಿಲಿಗೆ. ಪ್ರತಿ ಡಿಗ್ರಿ ಏರಿದಾಗ ಅದರ ಪಿಕೆಎ 0.028ರಷ್ಟು ಇಳಿಯುತ್ತದೆ. ಫಾಸ್ಫೇಟಿನಲ್ಲಿ ಈ ಇಳಿತ ಇದರ ಹತ್ತನೇ ಒಂದು ಪಾಲು ಮಾತ್ರ.

0.05 ಮೋಲಾರ್ ಟ್ರಿಸ್-ಎಚ್‌ಸಿಎಲ್, ಪಿಎಚ್ 8.0, ಅರ್ಧ ಲೀಟರ್ ಮಾಡೋಣ. ಟ್ರಿಸ್‌ನ ಅಣುತೂಕ 121.14, ಹಾಗಾಗಿ 3.03 ಗ್ರಾಂ. ಇದು 25 ಮಿಲಿಮೋಲ್. ಬಾಟ್ಲಿಯ ಮೇಲೆ ಟ್ರಿಸ್ ಬೇಸ್ ಎಂದಿದೆಯೋ ಟ್ರಿಸ್ ಹೈಡ್ರೋಕ್ಲೋರೈಡ್ ಎಂದಿದೆಯೋ ಮೊದಲು ನೋಡಿ, ಎರಡನೆಯದಾದರೆ ಆಮ್ಲ ಆಗಲೇ ಅದರೊಳಗಿದೆ. ಪುಸ್ತಕದ ಪಿಕೆಎ 8.06 ಇಟ್ಟರೆ ಆಮ್ಲ ರೂಪ ನೂರಕ್ಕೆ 53, ಅಂದರೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 13.4 ಮಿ.ಲೀ. ಆದರೆ ಗುಣಕ ಪ್ಲಸ್ 1 ಎಂದೆವಲ್ಲ, ಇಲ್ಲಿ ಪಿಕೆಎ ಮೇಲೇರುತ್ತದೆ, 8.13ರ ಹತ್ತಿರ. ಆಗ ಆಮ್ಲ 14.4 ಮಿ.ಲೀ. ಬೇಕಾಗುತ್ತದೆ. ನನ್ನ ರೂಢಿ ಏನೆಂದರೆ 400 ಮಿ.ಲೀ. ನೀರಿನಲ್ಲಿ ಕರಗಿಸಿ, 12 ಮಿ.ಲೀ. ಆಮ್ಲ ಒಮ್ಮೆಲೇ ಹಾಕಿ, ಅಲ್ಲಿಂದ ಹನಿಹನಿ. ಲೆಕ್ಕ ಮೊದಲೇ ಮಾಡಿಟ್ಟುಕೊಳ್ಳುವ ಲಾಭ ಇದೇ, ಎಲ್ಲಿ ಓಡಬೇಕು ಎಲ್ಲಿ ಮೆಲ್ಲಗೆ ನಡೆಯಬೇಕು ಎಂದು ಗೊತ್ತಿರುತ್ತದೆ. 20 ಮಿ.ಲೀ. ಹಾಕಿದರೂ ಪಿಎಚ್ ಇಳಿಯದಿದ್ದರೆ ತೂಕದಲ್ಲೋ ಆಮ್ಲದಲ್ಲೋ ಏನೋ ಎಡವಟ್ಟಾಗಿದೆ ಎಂದು ಅಲ್ಲೇ ತಿಳಿಯುತ್ತದೆ. ಗಾಢ ಆಮ್ಲದ ಬಾಟ್ಲಿಗಳೂ ಒಂದೇ ಥರ ಇರುವುದಿಲ್ಲ. ಶೇಕಡಾ 35ರದ್ದು ಸುಮಾರು 11.3 ಮೋಲಾರ್, 37ರದ್ದು 12.

ಈಗ ಉಷ್ಣಾಂಶ. ಏಪ್ರಿಲ್ ಮಧ್ಯಾಹ್ನ, ಲ್ಯಾಬಿನಲ್ಲಿ 34 ಡಿಗ್ರಿ, ಫ್ಯಾನು ತಿರುಗುತ್ತಿದೆ, ನೀವು ಟ್ರಿಸ್ ಅನ್ನು ಸರಿಯಾಗಿ 8.0ಕ್ಕೆ ತಂದಿರಿ. ಅದೇ ಬಾಟ್ಲಿ 25 ಡಿಗ್ರಿಯಲ್ಲಿ 8.25. ಫ್ರಿಜ್‌ನಲ್ಲಿಟ್ಟು 4 ಡಿಗ್ರಿಗೆ ಇಳಿಸಿ, ಪ್ರೋಟೀನು ಬೇರ್ಪಡಿಸುವ ಕಾಲಂ ಓಡಿಸಿದರೆ 8.84. ಪ್ರೋಟೀನು ಅಯಾನ್ ಎಕ್ಸ್‌ಚೇಂಜ್ ಕಾಲಂಗೆ ಕಚ್ಚಿಕೊಳ್ಳುವುದೂ ಬಿಡುವುದೂ ಪಿಎಚ್ ಮೇಲೆ ನಿಂತಿರುವಾಗ 0.84 ಅಂದರೆ ಸಣ್ಣ ಅಂತರವಲ್ಲ. ಪ್ರೋಟೀನು ಬರಲಿಲ್ಲ ಎಂದು ಕಾಲಮ್ಮನ್ನು ಬೈದು ಏನು ಉಪಯೋಗ?

ಸರಿಯಾದ ಕ್ರಮ ಹಿಂದಿನಿಂದ ಮುಂದಕ್ಕೆ. ಬಳಸುವ ಉಷ್ಣಾಂಶ 4 ಡಿಗ್ರಿ, ಅಲ್ಲಿ 8.0 ಬೇಕು. ಅಳೆಯುತ್ತಿರುವುದು 34ರಲ್ಲಿ, ಅಂತರ 30 ಡಿಗ್ರಿ, 30 × 0.028 = 0.84. ಹಾಗಾಗಿ ಬೀಕರಿನಲ್ಲಿ 7.16ಕ್ಕೆ ನಿಲ್ಲಿಸಿ. 25ರಲ್ಲಿ ಅಳೆಯುವುದಾದರೆ 7.41. ಬೀಕರನ್ನು ಐಸಿನಲ್ಲಿಟ್ಟು ತಣ್ಣಗೇ ಹೊಂದಿಸಬಹುದು, ಆದರೆ ತಣ್ಣೀರಿನಲ್ಲಿ ಎಲೆಕ್ಟ್ರೋಡ್ ಸ್ಥಿರವಾಗಲು ತಡ. ನಾನು ಲೆಕ್ಕವನ್ನೇ ನೆಚ್ಚುತ್ತೇನೆ.

“ಮೀಟರಿಗೆ ಟೆಂಪರೇಚರ್ ಪ್ರೋಬ್ ಐತೆಲ್ರಿ, ಅದ ತಿದ್ದತದಲ್ಲ?” ಇಲ್ಲ ತಮ್ಮಾ. ಆ ಪ್ರೋಬ್ ತಿದ್ದುವುದು ಎಲೆಕ್ಟ್ರೋಡಿನ ಇಳಿಜಾರನ್ನು ಮಾತ್ರ. ಒಂದು ಪಿಎಚ್ ಘಟಕಕ್ಕೆ 25 ಡಿಗ್ರಿಯಲ್ಲಿ 59.2 ಮಿಲಿವೋಲ್ಟ್, 34ರಲ್ಲಿ 60.9, 4ರಲ್ಲಿ 55. ಬಫರಿನ ಪಿಎಚ್ ನಿಜವಾಗಿಯೇ ಬದಲಾಗಿದ್ದರೆ ಮೀಟರ್ ಆ ನಿಜವನ್ನೇ ತೋರಿಸುತ್ತದೆ. ನಿಮ್ಮ ಫ್ರಿಜ್‌ನೊಳಗೆ ಏನಾಗುತ್ತದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ಮೀಟರ್ ಹೊಂದಿಸುವುದು ಚುಟುಕಾಗಿ: ನಿಮಗೆ ಬೇಕಾದ ಪಿಎಚ್ ಎರಡು ಮಾನಕಗಳ ನಡುವೆ ಬರಬೇಕು. ಟ್ರಿಸ್‌ಗೆ 7 ಮತ್ತು 9.2, ಅಸಿಟೇಟಿಗೆ 4 ಮತ್ತು 7. ಗುಳಿಗೆ ಕರಗಿಸಿದ ಮಾನಕವನ್ನು, ಅದರಲ್ಲೂ 9.2ನ್ನು, ತಿಂಗಳುಗಟ್ಟಲೆ ಇಡಬೇಡಿ. ಗಾಳಿ ಕುಡಿದು ಇಳಿಯುತ್ತದೆ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿಸಿಡುವ ಅಭ್ಯಾಸ ಹಲವೆಡೆ ಇದೆ, ಅದು ಬೇಡ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿಡಿ. ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿದ ಬಿಸಿ ದ್ರಾವಣವನ್ನು ಆರಲು ಬಿಟ್ಟು ಆಮೇಲೆ ಬಳಸಿ.

ಅಸಿಟೇಟ್ ಬಫರಿಗೆ ನಮ್ಮಲ್ಲಿ ಚಲೋ ಪ್ರಾಕ್ಟಿಕಲ್ ಇದೆ: ಮೊಳಕೆ ಕಟ್ಟಿದ ಜೋಳದ ಅಮೈಲೇಸ್, ಪಿಎಚ್ 5.0. ಪಿಕೆಎ 4.76 ಹಿಡಿದರೆ ಅಸಿಟೇಟ್ ನೂರಕ್ಕೆ 63, ಕೋಷ್ಟಕದಲ್ಲಿ 70. ಗುಣಕ ಮೈನಸ್ 1 ಇರುವುದರಿಂದ ಇಲ್ಲಿ ಎಡವಿದರೂ ಫಾಸ್ಫೇಟಿನಷ್ಟು ಪೆಟ್ಟು ಬೀಳುವುದಿಲ್ಲ. ಸೋಡಿಯಂ ಅಸಿಟೇಟ್ ಮೂರು ನೀರಿನದಾದರೆ 136.08, ನೀರಿಲ್ಲದ್ದಾದರೆ 82.03. ಗ್ಲೇಶಿಯಲ್ ಅಸಿಟಿಕ್ ಆಮ್ಲ 17.4 ಮೋಲಾರ್. ಉಳಿದದ್ದು ಮೇಲಿನ ಹಾಗೆಯೇ.

ಯಾವ ಬಫರ್ ಆರಿಸಬೇಕು ಎನ್ನುವುದಕ್ಕೆ ಬೇಕಾದ ಪಿಎಚ್ ಪಿಕೆಎಯಿಂದ ಒಂದು ಘಟಕದೊಳಗೆ ಇರಬೇಕು ಎನ್ನುವ ನಿಯಮ ಎಲ್ಲರಿಗೂ ಗೊತ್ತು. ಗೊತ್ತಿರದೆ ಕೆಡುವುದು ಬೇರೆಯದು. ಆಲ್ಕಲೈನ್ ಫಾಸ್ಫಟೇಸಿಗೆ ಫಾಸ್ಫೇಟ್ ಬಫರ್ ಕೊಟ್ಟರೆ ಕ್ರಿಯೆಯ ಉತ್ಪನ್ನವನ್ನೇ ಮೊದಲು ಸುರಿದಂತೆ, ಅದು ಎನ್‌ಜೈಮಿನ ಕೆಲಸವನ್ನು ತಡೆಯುತ್ತದೆ. ಕ್ಯಾಲ್ಸಿಯಂ ಬೇಕಾದ ಎನ್‌ಜೈಮಿಗೆ ಫಾಸ್ಫೇಟ್ ಹಾಕಿದರೆ ಕದಡುತ್ತದೆ, ಸಿಟ್ರೇಟ್ ಹಾಕಿದರೆ ಕ್ಯಾಲ್ಸಿಯಂ ಅನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ಟ್ರಿಸ್ ಇದ್ದರೆ ಪ್ರೋಟೀನು ಅಳೆಯುವ ಲೌರಿ ವಿಧಾನದಲ್ಲಿ ಅಂಕಿ ಕೆಡುತ್ತದೆ, ಬ್ಲ್ಯಾಂಕಿಗೂ (ಪ್ರೋಟೀನಿಲ್ಲದ ಹೋಲಿಕೆಯ ಟ್ಯೂಬಿಗೂ) ಅದೇ ಬಫರ್ ಹಾಕಲೇಬೇಕು. ಇಂಥ ತಕರಾರುಗಳಿಂದಲೇ 1966ರಲ್ಲಿ ನಾರ್ಮನ್ ಗುಡ್ ಮತ್ತು ಸಂಗಡಿಗರು ಹೆಪಿಸ್, ಮೆಸ್ ಮುಂತಾದ ಹೊಸ ಬಫರುಗಳನ್ನು ಮುಂದಿಟ್ಟರು. ಒಳ್ಳೆಯವೇ, ಆದರೆ ದುಬಾರಿ. ನಾಲ್ವತ್ತು ಹುಡುಗರ ಪ್ರಾಕ್ಟಿಕಲ್ಲಿಗೆ ಹೆಪಿಸ್ ಕೇಳಿದರೆ ಸ್ಟೋರಿನವರು ನಮ್ಮ ಮುಖವನ್ನೇ ನೋಡುತ್ತಾರೆ.

ಇಡುವ ವಿಷಯ ಸ್ವಲ್ಪ. 0.2 ಮೋಲಾರ್ ಡೈಸೋಡಿಯಂ ಸ್ಟಾಕನ್ನು ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಹರಳು ಕಟ್ಟುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಅದು 0.2 ಅಲ್ಲ. ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿ ಬಳಸಿ, ಇಲ್ಲವೇ ಹೊರಗಿಡಿ. ಹೊರಗಿಟ್ಟ ಫಾಸ್ಫೇಟಿನಲ್ಲಿ ಮಳೆಗಾಲದಲ್ಲಿ ಬೂಷ್ಟು ಬೇಗ ಬರುತ್ತದೆ, ಬಾಟ್ಲಿ ಅಲುಗಿಸಿದರೆ ಹತ್ತಿಯ ಎಳೆಯಂಥದ್ದು ತೇಲುತ್ತದೆ. ಸೋಸಿ ಬಳಸುವ ಆಸೆ ಬೇಡ, ಚೆಲ್ಲಿ. ಸೋಡಿಯಂ ಅಝೈಡ್ ಶೇಕಡಾ 0.02 ಹಾಕುವ ಪದ್ಧತಿ ಇದೆ, ಆದರೆ ಅದು ವಿಷ, ಆಮ್ಲ ತಾಗಿದರೆ ಇನ್ನೂ ಕೆಟ್ಟ ಅನಿಲ ಬಿಡುತ್ತದೆ, ಪೆರಾಕ್ಸಿಡೇಸನ್ನೂ ಕೊಲ್ಲುತ್ತದೆ. ಹುಡುಗರ ಪ್ರಾಕ್ಟಿಕಲ್ಲಿಗೆ ನಾನು ಹಾಕುವುದಿಲ್ಲ. ಸೋಡಿಯಂ ಫಾಸ್ಫೇಟಿನಲ್ಲಿ ಎನ್‌ಜೈಮ್ ಇಟ್ಟು ಫ್ರೀಜರಿಗೆ ಸೇರಿಸುವುದೂ ಬೇಡ. ಹೆಪ್ಪುಗಟ್ಟುವಾಗ ಡೈಸೋಡಿಯಂ ಮೊದಲು ಹರಳಾಗಿ ಹೊರಬೀಳುತ್ತದೆ, ಉಳಿದ ದ್ರವದ ಪಿಎಚ್ ಎರಡು-ಮೂರು ಘಟಕ ಕುಸಿಯಬಹುದು.

ಚೀಟಿಯಲ್ಲಿ ‘ಟ್ರಿಸ್ 8.0’ ಎಂದಷ್ಟೇ ಬರೆದ ಬಾಟ್ಲಿಯನ್ನು ನಮ್ಮ ಲ್ಯಾಬಿನಲ್ಲಿ ಯಾರೂ ಬಳಸುವ ಹಾಗಿಲ್ಲ. ಹೀಗೆ ಬರೆಯಿರಿ: ಟ್ರಿಸ್-ಎಚ್‌ಸಿಎಲ್, 0.05 ಮೋಲಾರ್, 34 ಡಿಗ್ರಿಯಲ್ಲಿ 7.16, 4 ಡಿಗ್ರಿಯಲ್ಲಿ ಬಳಸಲು 8.0, ತಾರೀಖು, ಹೆಸರು. ಫಾಸ್ಫೇಟಾದರೆ ಯಾವ ಹರಳಿನಿಂದ ಮಾಡಿದ್ದು ಎನ್ನುವುದೂ ಇರಲಿ. ಪೆನ್ನಿನ ಶಾಯಿ ಫ್ರಿಜ್‌ನ ತೇವಕ್ಕೆ ಅಳಿಸುತ್ತದೆ. ಪೆನ್ಸಿಲ್‌ನಿಂದ ಬರೆದು ಮೇಲೆ ಸೆಲ್ಲೋಟೇಪ್ ಹಚ್ಚಿ.